‘ಗಿಂತ’ ಒಡೆದು ಎರಡಾದಾಗ: ಜರ್ಮನ್‌ನಲ್ಲಿ ಫೋನು, ಫ್ರಿಜ್ಜು ಹೋಲಿಸಲು ಕಲಿಯುವ ಬಗೆ

ಮೇಜಿನ ಮೇಲೆ ಎರಡು ಫೋನು ಇಟ್ಟುಕೊಳ್ಳಿ, ಒಂದು ಹಳೆಯದು, ಒಂದು ಹೊಸದು. ಹೋಲಿಕೆಯ ಪಾಠ ಜರ್ಮನ್ ತರಗತಿಯಲ್ಲಿ ಸಾಮಾನ್ಯವಾಗಿ ಎ2 ಹಂತದಲ್ಲಿ (ಎ1, ಎ2, ಬಿ1 ಎಂದು ಏರುವ ಹಂತಗಳಲ್ಲಿ ಎರಡನೆಯದು) ಬರುತ್ತದೆ. ಪುಸ್ತಕದಲ್ಲಿ ಪೀಟರ್‌ಗಿಂತ ಅನ್ನಾ ಎತ್ತರ, ಅನ್ನಾಗಿಂತ ಮಾರಿಯಾ ಎತ್ತರ ಎಂದು ಎರಡು ಪುಟ ಓದಿಸಿ ಮುಗಿಸುತ್ತಾರೆ. ಪೀಟರನನ್ನು ನಾವ್ಯಾರೂ ನೋಡಿಲ್ಲ. ಫೋನಾದರೆ ಕೈಯಲ್ಲೇ ಇರುತ್ತದೆ. ತೂಕ, ಪರದೆ, ಬ್ಯಾಟರಿ, ಬೆಲೆ, ಸದ್ದು ಎಲ್ಲಕ್ಕೂ ಅಂಕಿಯಿದೆ. ಹೇಳಿದ್ದು ಸರಿಯೋ ತಪ್ಪೋ ಎಂದು ಅಲ್ಲೇ ನೋಡಬಹುದು.

ಮೊದಲು ಉಚ್ಚಾರದ ಮಾತು. ಇಲ್ಲಿ ಜರ್ಮನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ. ಇದು ಊರುಗೋಲು, ಕಾಲಲ್ಲ. ‘ಗ್ರ್ಯೋಸರ್’ ಎಂದು ಬರೆದಿರುವುದು ನಿಜದಲ್ಲಿ ‘ಯೋ’ ಅಲ್ಲ. ನಾಲಗೆಯಿಂದ ‘ಏ’ ಹೇಳುತ್ತ ತುಟಿಯನ್ನು ‘ಓ’ ಎಂದು ದುಂಡಗೆ ಮಾಡಿದರೆ ಬರುವ ಸ್ವರ. ‘ಕ್ಯುರ್ತ್ಸರ್’ ಎಂಬಲ್ಲಿ ನಾಲಗೆ ‘ಇ’, ತುಟಿ ‘ಉ’. ಪದದ ಕೊನೆಯ ‘ಅರ್’ನಲ್ಲಿ ರಕಾರವನ್ನು ಉರುಳಿಸಬೇಡಿ, ನುಂಗಿಬಿಡಿ, ಕಿವಿಗೆ ಕೇಳುವುದು ‘ಆ’ದ ಕಡೆಗೆ ವಾಲಿದ ಒಂದು ಗಿಡ್ಡ ಸ್ವರ ಮಾತ್ರ. ಹಾಗೆಂದು ಪೂರ್ತಿ ಬಿಡುವಂತೆಯೂ ಇಲ್ಲ. ಹೋಲಿಕೆಯ ಅರ್ಧ ಅರ್ಥ ಕೂತಿರುವುದು ಆ ಸ್ವರದಲ್ಲೇ.

ಇನ್ನು ಮುಖ್ಯ ಸಂಗತಿಗೆ ಬರೋಣ. ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಒಂದೇ ಹೊರುತ್ತದೆ. ‘ಹಳೆಯದಕ್ಕಿಂತ ಹೊಸದು ಹಗುರ.’ ‘ಹಗುರ’ ಎಂಬ ಪದ ಇಲ್ಲಿ ಬದಲಾಗುವುದೇ ಇಲ್ಲ. ಬರೀ ‘ಹೊಸದು ಹಗುರ’ ಎಂದಾಗಲೂ ಅದೇ ಪದ. ಜರ್ಮನ್ ಈ ಭಾರವನ್ನು ಇಬ್ಬರಿಗೆ ಹಂಚುತ್ತದೆ. ಗುಣವಾಚಕದ ಬಾಲಕ್ಕೆ ‘ಅರ್’ ಸೇರಬೇಕು, ಎರಡನೆಯ ವಸ್ತುವಿನ ಮುಂದೆ ‘ಅಲ್ಸ್’ ಬರಬೇಕು. ‘ಡಸ್ ನೊಯೆ ಹೆಂಡಿ ಇಸ್ಟ್ ಲೈಶ್ಟರ್ ಅಲ್ಸ್ ಡಸ್ ಅಲ್ಟೆ.’ ಹೊಸ ಫೋನು ಹಳೆಯದಕ್ಕಿಂತ ಹಗುರ. ‘ಲೈಶ್ಟ್’ ಎಂದರೆ ಹಗುರ, ‘ಲೈಶ್ಟರ್’ ಎಂದರೆ ಹೋಲಿಸಿದಾಗಿನ ಹಗುರ. (‘ಹೆಂಡಿ’ ಅಂದರೆ ಮೊಬೈಲ್ ಫೋನು. ಇಂಗ್ಲಿಷ್‌ನ ಮುಖ ಹೊತ್ತ ಈ ಪದವನ್ನು ಇಂಗ್ಲಿಷರು ಆ ಅರ್ಥದಲ್ಲಿ ಬಳಸುವುದಿಲ್ಲ.)

ಕನ್ನಡಿಗರ ಮೊದಲ ತಪ್ಪು ಇಲ್ಲೇ ಆಗುತ್ತದೆ. ‘ಅಲ್ಸ್’ ನೆನಪಿರುತ್ತದೆ, ಏಕೆಂದರೆ ಅದಕ್ಕೆ ‘ಗಿಂತ’ ಎಂಬ ಜೋಡಿ ಸಿಕ್ಕಿದೆ. ‘ಅರ್’ಗೆ ಮನಸ್ಸಿನಲ್ಲಿ ಜೋಡಿಯೇ ಇಲ್ಲ, ಹಾಗಾಗಿ ಅದು ಬಿದ್ದುಹೋಗುತ್ತದೆ: ‘ಇಸ್ಟ್ ಲೈಶ್ಟ್ ಅಲ್ಸ್ ಡಸ್ ಅಲ್ಟೆ’. ಇದಕ್ಕಿಂತ ಹಟಮಾರಿ ತಪ್ಪು ಇನ್ನೊಂದಿದೆ. ಕನ್ನಡದಲ್ಲಿ ಒತ್ತಿ ಹೇಳಬೇಕಾದರೆ ‘ಹೆಚ್ಚು ಹಗುರ’ ಎನ್ನುತ್ತೇವೆ, ಇಂಗ್ಲಿಷ್‌ನಲ್ಲೂ ಉದ್ದನೆಯ ಪದಗಳಿಗೆ ‘ಮೋರ್’ ಹಚ್ಚುತ್ತಾರೆ. ಎರಡೂ ಭಾಷೆ ಸೇರಿ ಕಲಿಯುವವರನ್ನು ‘ಮೇರ್ ಲೈಶ್ಟ್’, ‘ಮೇರ್ ಟೊಯರ್’ ಕಡೆಗೆ ತಳ್ಳುತ್ತವೆ. ‘ಮೇರ್’ ಎಂದರೆ ಹೆಚ್ಚು ನಿಜ, ಆದರೆ ಹೀಗೆ ಹೋಲಿಸುವಾಗ ಜರ್ಮನ್‌ನ ಗುಣವಾಚಕದ ಮುಂದೆ ಅದನ್ನು ಇಡುವಂತಿಲ್ಲ. ಪದ ಎಷ್ಟೇ ಉದ್ದವಿರಲಿ, ಬಾಲವೇ ಗತಿ. ‘ಬೆನುತ್ಸರ್‌ಫ್ರೊಯ್ಂಟ್‌ಲಿಶ್’ ಎಂದರೆ ಬಳಸಲು ಸುಲಭವಾದದ್ದು. ಅದರ ಹೋಲಿಕೆ ರೂಪವೂ ‘ಬೆನುತ್ಸರ್‌ಫ್ರೊಯ್ಂಟ್‌ಲಿಶರ್’ ಅಷ್ಟೇ. ‘ಮೇರ್’ ಬರುವುದು ನಾಮಪದದ ಮುಂದೆ: ‘ಮೇರ್ ಶ್ಪೈಶರ್‌ಪ್ಲತ್ಸ್’, ಹೆಚ್ಚು ಸ್ಟೋರೇಜು. ಕಡಿಮೆಗೆ ‘ವೇನಿಗರ್’. ಎಣಿಸುವಂಥದ್ದಾಗಲಿ ಅಳೆಯುವಂಥದ್ದಾಗಲಿ, ಎರಡಕ್ಕೂ ಇವೇ. ಲಿಂಗ, ವಿಭಕ್ತಿ ಏನಿದ್ದರೂ ಈ ಎರಡು ಪದಗಳಿಗೆ ಬಾಲ ಹತ್ತುವುದಿಲ್ಲ. ಜರ್ಮನ್ ವ್ಯಾಕರಣದಲ್ಲಿ ಇಂಥ ಉಪಕಾರ ಅಪರೂಪ.

ಪದಗಳಿಗೆ ಕಾರ್ಡು ಮಾಡುವವರು ಒಂದು ಬದಿಗೆ ‘ಹಗುರ’, ಇನ್ನೊಂದು ಬದಿಗೆ ‘ಲೈಶ್ಟ್’ ಎಂದು ಬರೆಯುತ್ತಾರೆ. ಹಾಗೆ ಮಾಡಬೇಡಿ. ಮುಂಬದಿಗೆ ‘ಹಳೆಯದಕ್ಕಿಂತ ಹಗುರ’ ಎಂದು ಬರೆಯಿರಿ, ಹಿಂಬದಿಗೆ ‘ಲೈಶ್ಟರ್ ಅಲ್ಸ್ ಡಸ್ ಅಲ್ಟೆ’ ಎಂದು ಪೂರ್ತಿ ತುಂಡು ಇರಲಿ. ಆಗ ‘ಗಿಂತ’ ಕಂಡ ಕೂಡಲೇ ಎರಡೂ ಒಟ್ಟಿಗೆ ಹೊರಡುತ್ತವೆ. ಮೊದಲ ವಾರಕ್ಕೆ 14 ಕಾರ್ಡು ಸಾಕು. ಹಿಂಬದಿಯನ್ನು ಜರ್ಮನ್ ಲಿಪಿಯಲ್ಲೇ ಬರೆಯಿರಿ, ಸ್ವರಗಳ ಮೇಲಿನ ಎರಡು ಚುಕ್ಕೆ ಬಿಡದೆ. ಆ ಚುಕ್ಕೆಗಳು ಅಲಂಕಾರವಲ್ಲ: ‘ಡ್ರುಕೆನ್’ ಎಂದರೆ ಪ್ರಿಂಟ್ ಮಾಡುವುದು, ಚುಕ್ಕೆ ಸೇರಿದ ‘ಡ್ರ್ಯುಕೆನ್’ ಎಂದರೆ ಗುಂಡಿ ಒತ್ತುವುದು. ಪ್ರಿಂಟರ್ ಮುಂದೆ ನಿಂತು ಸಹಾಯ ಕೇಳುವಾಗ ಈ ವ್ಯತ್ಯಾಸ ಬೇಕಾಗುತ್ತದೆ. ಕೀಲಿಮಣೆಯಲ್ಲಿ ಚುಕ್ಕೆ ಸಿಗದಿದ್ದರೆ ಆ ಸ್ವರದ ಪಕ್ಕ ಒಂದು ‘e’ ಅಕ್ಷರ ಸೇರಿಸಿ ಬರೆಯುವ ರೂಢಿ ಜರ್ಮನರಲ್ಲೂ ಇದೆ.

ಯಾವ ಪದಕ್ಕೆ ಚುಕ್ಕೆ ಬರುತ್ತದೆ? ಒಂದೇ ಉಚ್ಚಾರಾಂಶದ, ‘ಅ’, ‘ಒ’, ‘ಉ’ ಸ್ವರವಿರುವ ಸುಮಾರು ಹಳೆಯ ಪದಗಳು ಹೋಲಿಕೆಯಲ್ಲಿ ಸ್ವರ ಬದಲಿಸುತ್ತವೆ. ಉಪಕರಣಗಳ ಮಾತಿಗೆ ಬೇಕಾದವು ಇಷ್ಟು: ‘ಅಲ್ಟ್, ಎಲ್ಟರ್’ (ಹಳೆಯ), ‘ಲಂಗ್, ಲೆಂಗರ್’ (ಉದ್ದ), ‘ಕುರ್ತ್ಸ್, ಕ್ಯುರ್ತ್ಸರ್’ (ಗಿಡ್ಡ), ‘ಶ್ಟಾರ್ಕ್, ಶ್ಟೆರ್ಕರ್’ (ಬಲವಾದ), ‘ಶ್ವಖ್, ಶ್ವೆಶರ್’ (ದುರ್ಬಲ), ‘ವಾರ್ಮ್, ವೆರ್ಮರ್’, ‘ಕಲ್ಟ್, ಕೆಲ್ಟರ್’, ‘ಗ್ರೋಸ್, ಗ್ರ್ಯೋಸರ್’ (ದೊಡ್ಡ). ಆದರೆ ‘ಲೌಟ್’ (ಸದ್ದಿನ) ಎಂಬುದು ‘ಲೌಟರ್’ ಆಗಿಯೇ ಉಳಿಯುತ್ತದೆ, ‘ಫ್ಲಖ್’ (ತೆಳ್ಳಗಿನ, ಚಪ್ಪಟೆ) ಕೂಡ ‘ಫ್ಲಖರ್’ ಅಷ್ಟೇ. ಇದಕ್ಕೆ ಸೂತ್ರ ಹುಡುಕಿ ಸಮಯ ಹಾಳುಮಾಡಿಕೊಳ್ಳಬೇಡಿ. ಎಂಟು ಪದ ಬಾಯಿಪಾಠ ಮಾಡುವುದೇ ಬೇಗ. ‘ಟೊಯರ್’ (ದುಬಾರಿ) ನಡುವಿನ ಸ್ವರವೊಂದನ್ನು ಕಳೆದುಕೊಂಡು ‘ಟೊಯ್ರರ್’ ಆಗುತ್ತದೆ, ‘ಡುಂಕೆಲ್’ (ಕಪ್ಪಾದ, ಮಬ್ಬಾದ) ‘ಡುಂಕ್ಲರ್’ ಆಗುತ್ತದೆ. ಪೂರ್ತಿ ದಾರಿ ತಪ್ಪಿದವು ನಾಲ್ಕು: ‘ಗೂಟ್, ಬೆಸರ್’ (ಒಳ್ಳೆಯ), ‘ಫೀಲ್, ಮೇರ್’ (ಬಹಳ), ‘ಗೆರ್ನ್, ಲೀಬರ್’ (ಇಷ್ಟಪಟ್ಟು), ‘ಹೋಖ್, ಹ್ಯೋಅರ್’ (ಎತ್ತರದ).

ಈಗ ವಿಭಕ್ತಿ. ‘ಗಿಂತ’ ಕನ್ನಡದಲ್ಲಿ ಚತುರ್ಥಿಗೆ ಅಂಟಿಕೊಂಡು ಬರುತ್ತದೆ: ನನಗೆ, ನನಗಿಂತ, ಅದಕ್ಕೆ, ಅದಕ್ಕಿಂತ. ಈ ಅಭ್ಯಾಸ ಎಷ್ಟು ಆಳವೆಂದರೆ ‘ಅಲ್ಸ್’ ಆದ ಮೇಲೂ ಚತುರ್ಥಿ ಹಾಕಿ ‘ಅಲ್ಸ್ ಮೀರ್’, ‘ಅಲ್ಸ್ ಡೇಮ್ ಅಲ್ಟೆನ್’ ಎನ್ನುವವರು ಸಿಗುತ್ತಾರೆ. ‘ಅಲ್ಸ್’ಗೆ ತನ್ನದೇ ಆದ ವಿಭಕ್ತಿ ಇಲ್ಲ. ಹೋಲಿಸುತ್ತಿರುವ ಮೊದಲ ವಸ್ತು ಯಾವ ವಿಭಕ್ತಿಯಲ್ಲಿದೆಯೋ ಎರಡನೆಯದೂ ಅದರಲ್ಲೇ. ‘ಡೇರ್ ಲೆಪ್‌ಟೋಪ್ ಇಸ್ಟ್ ಶ್ನೆಲರ್ ಅಲ್ಸ್ ಡೇರ್ ಕೊಂಪ್ಯೂಟರ್’: ಎರಡೂ ಪ್ರಥಮಾ. ‘ಇಶ್ ಬೆನುತ್ಸೆ ಡೇನ್ ಲೆಪ್‌ಟೋಪ್ ಲೀಬರ್ ಅಲ್ಸ್ ಡೇನ್ ಕೊಂಪ್ಯೂಟರ್’ (ಕಂಪ್ಯೂಟರಿಗಿಂತ ಲ್ಯಾಪ್‌ಟಾಪ್ ಬಳಸುವುದು ನನಗಿಷ್ಟ): ಎರಡೂ ದ್ವಿತೀಯಾ.

‘ನಿನ್ನ ಫೋನು ನನ್ನದಕ್ಕಿಂತ ಹೊಸದು’ ಎನ್ನಬೇಕಾದಾಗ ಇನ್ನೊಂದು ಮುಗ್ಗರಿಕೆ. ಕನ್ನಡದ ‘ನನ್ನದು’ ಒಂದೇ, ಜರ್ಮನ್‌ನಲ್ಲಿ ವಸ್ತುವಿನ ಲಿಂಗಕ್ಕೆ ತಕ್ಕಂತೆ ಮೂರು. ಲ್ಯಾಪ್‌ಟಾಪ್ ಪುಲ್ಲಿಂಗ, ಆದ್ದರಿಂದ ‘ಅಲ್ಸ್ ಮೈನರ್’. ವಾಷಿಂಗ್ ಮಷೀನು ಸ್ತ್ರೀಲಿಂಗ, ‘ಅಲ್ಸ್ ಮೈನೆ’. ಫೋನು ನಪುಂಸಕ, ‘ಅಲ್ಸ್ ಮೈನ್ಸ್’. ಉಪಕರಣಗಳ ಲಿಂಗ ಮಾತ್ರ ಅಷ್ಟೇನೂ ಕಷ್ಟವಲ್ಲ. ಕೆಲಸದ ಹೆಸರಿಗೆ ‘ಅರ್’ ಸೇರಿ ಆದ ಯಂತ್ರಗಳೆಲ್ಲ ಪುಲ್ಲಿಂಗ: ‘ಡ್ರುಕರ್’ (ಪ್ರಿಂಟರ್), ‘ಫೆರ್ನ್‌ಜ಼ೇಅರ್’ (ಟೀವಿ), ‘ಶ್ಟೌಪ್‌ಜ಼ೌಗರ್’ (ವ್ಯಾಕ್ಯೂಮ್ ಕ್ಲೀನರ್), ‘ವಸರ್‌ಕೊಖರ್’ (ನೀರು ಕಾಯಿಸುವ ಕೆಟಲ್). ‘ಮಶೀನೆ’ಯಿಂದ ಮುಗಿಯುವುದೆಲ್ಲ ಸ್ತ್ರೀಲಿಂಗ, ‘ಗೆರೇಟ್’ ಎಂದು ಮುಗಿಯುವುದೆಲ್ಲ ನಪುಂಸಕ. ‘ಲಾಡೆಗೆರೇಟ್’, ಅಂದರೆ ಚಾರ್ಜರ್, ಹೀಗೆ ನಪುಂಸಕ. ಸಮಾಸದಲ್ಲಿ ಕೊನೆಯ ಪದವೇ ಯಜಮಾನ.

ಸಮ ಎಂದು ಹೇಳುವುದು ಹೇಗೆ? ‘ಗೆನೌಜ಼ೋ ಶ್ನೆಲ್ ವೀ’ ಎಂದರೆ ಅಷ್ಟೇ ವೇಗದ್ದು. ಇಲ್ಲಿ ‘ಅರ್’ ಇಲ್ಲ, ‘ಅಲ್ಸ್’ ಇಲ್ಲ. ಪದದ ಮೂಲ ರೂಪ ಮತ್ತು ‘ವೀ’. ಇಲ್ಲದಿದ್ದರೆ ‘ನಿಶ್ಟ್ ಜ಼ೋ ಶ್ನೆಲ್ ವೀ’, ಅಷ್ಟು ವೇಗವಿಲ್ಲ. ನೆನಪಿಡಲು ಕನ್ನಡವೇ ಸಾಕು: ಬಾಯಲ್ಲಿ ‘ಗಿಂತ’ ಬಂದರೆ ‘ಅಲ್ಸ್’, ‘ಅಷ್ಟು’, ‘ಹಾಗೆ’ ಬಂದರೆ ‘ವೀ’. ‘ಅಂಡರ್ಸ್’ ಎಂದರೆ ಬೇರೆ ಥರ. ಅದು ವ್ಯತ್ಯಾಸದ ಮಾತಾದ್ದರಿಂದ ‘ಅಂಡರ್ಸ್ ಅಲ್ಸ್’. ‘ಏನ್‌ಲಿಶ್’ ಎಂದರೆ ಅದೇ ಥರ, ಹಾಗಾಗಿ ‘ಏನ್‌ಲಿಶ್ ವೀ’. ಇನ್ನೊಬ್ಬರ ಫೋನು ನಿಧಾನ ಎಂದು ಮುಖಕ್ಕೆ ಹೊಡೆದಂತೆ ಹೇಳುವುದಕ್ಕಿಂತ ‘ನಿಶ್ಟ್ ಜ಼ೋ ಶ್ನೆಲ್’ ಎನ್ನುವುದು ಮೆದು. ಕನ್ನಡದಲ್ಲಿ ‘ಅಷ್ಟೇನೂ ಫಾಸ್ಟಿಲ್ಲ’ ಎಂದಂತೆ.

‘ಅದೇ ಫೋನು’ ಎಂಬ ಮಾತಿನ ಒಳಗೂ ಒಂದು ಗುಂಡಿಯಿದೆ. ಗೆಳೆಯನ ಬಳಿ ಇರುವ ಮಾದರಿಯೇ ನಿಮ್ಮ ಬಳಿಯೂ ಇದ್ದರೆ ಅದು ‘ಡಸ್ ಗ್ಲೈಶೆ ಹೆಂಡಿ’. ಮೂರು ವರ್ಷದಿಂದ ಒಂದೇ ಫೋನನ್ನು ಎಳೆಯುತ್ತಿದ್ದರೆ ಅದು ‘ಡಸ್‌ಜ಼ೆಲ್ಬೆ ಹೆಂಡಿ’. ‘ನಾನೂ ನನ್ನ ಗೆಳೆಯನೂ ಡಸ್‌ಜ಼ೆಲ್ಬೆ ಹೆಂಡಿ ಬಳಸುತ್ತೇವೆ’ ಎಂದರೆ ಇಬ್ಬರಿಗೂ ಸೇರಿ ಇರುವುದೊಂದೇ ಫೋನು ಎಂದಾಗುತ್ತದೆ. ಜರ್ಮನರೂ ಮಾತಿನ ಭರದಲ್ಲಿ ಇವೆರಡನ್ನು ಬೆರೆಸುತ್ತಾರೆ, ಆದರೆ ಎದುರಿನವರದ್ದು ತಿದ್ದುವ ಚಟ ಅಲ್ಲೂ ಇದೆ.

ಇನ್ನು ಅಂಕಿಗಳು. ಹೋಲಿಕೆಗೆ ಬೆಲೆ ಬರುವುದೇ ಅಂಕಿಯಿಂದ, ಜೀವ ತಿನ್ನುವುದೂ ಅದೇ. ಹಳೆಯ ಫೋನು 190 ಗ್ರಾಂ, ಹೊಸದು 205 ಗ್ರಾಂ ಎಂದಿಟ್ಟುಕೊಳ್ಳಿ. ‘ಡಸ್ ನೊಯೆ ಇಸ್ಟ್ ಫ್ಯುನ್ಫ್‌ತ್ಸೇನ್ ಗ್ರಮ್ ಶ್ವೇರರ್.’ ವ್ಯತ್ಯಾಸದ ಅಳತೆ ಗುಣವಾಚಕದ ಮುಂದೆ ಹಾಗೇ ಕೂರುತ್ತದೆ, ಕನ್ನಡದ ‘15 ಗ್ರಾಂ ಭಾರ’ದಂತೆ. ಗ್ರಮ್, ಒಯ್ರೊ, ಪ್ರೊತ್ಸೆಂಟ್ ಇವು ಅಂಕಿಯ ಮುಂದೆ ಬಹುವಚನವಾಗುವುದಿಲ್ಲ. ‘ಶ್ಟುಂಡೆ’ (ಗಂಟೆ) ಮಾತ್ರ ‘ಶ್ಟುಂಡೆನ್’ ಆಗುತ್ತದೆ: ‘ಡೇರ್ ಅಕು ಹೆಲ್ಟ್ ತ್ಸ್ವೈ ಶ್ಟುಂಡೆನ್ ಲೆಂಗರ್’, ಬ್ಯಾಟರಿ 2 ಗಂಟೆ ಹೆಚ್ಚು ಬಾಳುತ್ತದೆ. ಚಾರ್ಜ್ ಮಾಡುವ ಬ್ಯಾಟರಿಗೆ ‘ಅಕು’ ಎನ್ನುತ್ತಾರೆ. ‘ಬಟೆರೀ’ ಎಂದು ಕೇಳಿದರೆ ಅಂಗಡಿಯಲ್ಲಿ ಟೀವಿ ರಿಮೋಟಿಗೆ ಹಾಕುವ ಸೆಲ್ಲು ತೋರಿಸಿಯಾರು.

256 ಎಂಬುದನ್ನು ಓದುವಾಗ ನೂರಾದ ಮೇಲೆ ಬಿಡಿ ಮೊದಲು, ಹತ್ತು ಆಮೇಲೆ: ಇನ್ನೂರು, ಆರು ಮತ್ತು ಐವತ್ತು. ‘ತ್ಸ್ವೈಹುಂಡರ್ಟ್ ಜ಼ೆಕ್ಸ್‌ಉಂಟ್‌ಫ್ಯುನ್ಫ್‌ತ್ಸಿಶ್’. ಕೇಳುತ್ತ ಬರೆದುಕೊಳ್ಳುವಾಗ 265 ಆಗಿಬಿಡುತ್ತದೆ. ಸ್ಟೋರೇಜಿನ 64, 128, 256, 512 ಈ ನಾಲ್ಕನ್ನು ಬಾಯಿಗೆ ತಂದುಕೊಂಡರೆ ಅರ್ಧ ಕಷ್ಟ ಕಳೆಯಿತು. ಉಳಿದರ್ಧ ಚುಕ್ಕೆ ಮತ್ತು ಅಲ್ಪವಿರಾಮದ್ದು. ನಮ್ಮಲ್ಲಿ ದಶಮಾಂಶಕ್ಕೆ ಚುಕ್ಕೆ, ಸಾವಿರಕ್ಕೆ ಅಲ್ಪವಿರಾಮ, ಜರ್ಮನಿಯಲ್ಲಿ ತಿರುಗುಮುರುಗು. ಪರದೆ ‘6,1’ ಇಂಚು ಎಂದು ಬರೆದು ‘ಜ಼ೆಕ್ಸ್ ಕೊಮಾ ಐನ್ಸ್ ತ್ಸೊಲ್’ ಎಂದು ಓದುತ್ತಾರೆ. ಕೆಟಲ್ ಮೇಲೆ ‘2.200’ ವ್ಯಾಟ್ ಎಂದಿದ್ದರೆ ಅದು ಎರಡು ಸಾವಿರದ ಇನ್ನೂರು.

ಪಟ್ಟು ಹೇಳುವಾಗ ‘ವೀ’ ಮರಳಿ ಬರುತ್ತದೆ. ‘ಡೊಪೆಲ್ಟ್ ಜ಼ೋ ಟೊಯರ್ ವೀ’, ಎರಡು ಪಟ್ಟು ದುಬಾರಿ. ‘ಹಲ್ಪ್ ಜ಼ೋ ಶ್ವೇರ್ ವೀ’, ಅರ್ಧ ತೂಕದ್ದು. ‘ಡೊಪೆಲ್ಟ್’ ಆದ ಮೇಲೆ ‘ಟೊಯ್ರರ್ ಅಲ್ಸ್’ ಎಂದು ಹೋಗಬೇಡಿ. ಬೆಲೆ ಇಳಿದ ಮಾತಿನಲ್ಲಿ ‘ಉಮ್’ ಮತ್ತು ‘ಔಫ್’ ಎಂಬ ಎರಡು ಪುಟ್ಟ ಪದಗಳು ದುಡ್ಡಿನ ವ್ಯವಹಾರವನ್ನೇ ಬದಲಿಸುತ್ತವೆ. 400 ಯೂರೋದ ಯಂತ್ರ ‘ಉಮ್ 100 ಒಯ್ರೊ ಗೆಜ಼ುಂಕೆನ್’ ಎಂದರೆ ನೂರು ಇಳಿದು 300 ಆಗಿದೆ. ‘ಔಫ್ 100 ಒಯ್ರೊ’ ಎಂದರೆ ನೂರಕ್ಕೆ ಇಳಿದಿದೆ. ‘ನೂರು ಇಳಿಯಿತು’, ‘ನೂರಕ್ಕೆ ಇಳಿಯಿತು’: ಕನ್ನಡದ ಆ ‘ಕ್ಕೆ’ಯೇ ‘ಔಫ್’.

ಬೆಲೆಯ ಬಗ್ಗೆ ಮತ್ತೊಂದು. ವಸ್ತು ‘ಟೊಯರ್’ ಆಗಬಹುದು, ಬೆಲೆ ಆಗುವುದಿಲ್ಲ. ಬೆಲೆ ‘ಹೋಖ್’ ಅಥವಾ ‘ನೀಡ್ರಿಶ್’, ಎತ್ತರ ಅಥವಾ ತಗ್ಗು. ಅಗ್ಗಕ್ಕೆ ‘ಬಿಲಿಶ್’ ಇದೆ, ಆದರೆ ಅದರಲ್ಲಿ ‘ಚೀಪು’ ಎಂಬ ವಾಸನೆಯೂ ಇದೆ. ಅಂಗಡಿಯಲ್ಲಿ ‘ಗ್ಯುನ್ಸ್ಟಿಗರ್’ ಬಳಸಿ: ‘ಹಾಬೆನ್ ಜ಼ೀ ಎಟ್ವಸ್ ಗ್ಯುನ್ಸ್ಟಿಗೆರೆಸ್?’ (ಇದಕ್ಕಿಂತ ಕಮ್ಮಿ ಬೆಲೆಯದ್ದು ಏನಾದರೂ ಇದೆಯಾ?) ‘ಜ಼ೀ’ ಎಂದರೆ ನೀವು. ಅಂಗಡಿಯವರಿಗೆ ‘ಡು’ ಎಂದು ನೀನು ಹಚ್ಚಬೇಡಿ. ಎರಡು ಮಾದರಿಯ ಮುಂದೆ ನಿಂತಾಗ ‘ವಸ್ ಇಸ್ಟ್ ಡೇರ್ ಉಂಟರ್‌ಶೀಟ್ ತ್ಸ್ವಿಶೆನ್ ಡೇನ್ ಬೈಡೆನ್?’, ಇವೆರಡಕ್ಕೂ ಏನು ವ್ಯತ್ಯಾಸ? ಉತ್ತರ ಕೇಳಿದ ಮೇಲೆ ‘ಲೋಂಟ್ ಜ಼ಿಶ್ ಡೇರ್ ಔಫ್‌ಪ್ರೈಸ್?’, ಮೇಲಿನ ದುಡ್ಡು ಕೊಟ್ಟದ್ದು ದಕ್ಕುತ್ತದಾ? ಈ ಮೂರು ಪ್ರಶ್ನೆ ಅಂಗಡಿಯಲ್ಲಿ ಬಹಳ ದೂರ ಬರುತ್ತವೆ.

ಒತ್ತು ಕೊಡಲು ‘ಜ಼ೇರ್’ (ತುಂಬ) ಎಲ್ಲರಿಗೂ ಮೊದಲ ದಿನವೇ ಗೊತ್ತಾಗಿರುತ್ತದೆ. ಹೋಲಿಕೆಯ ರೂಪದ ಮುಂದೆ ಅದು ಬರುವಂತಿಲ್ಲ. ‘ಜ಼ೇರ್ ಶ್ನೆಲ್’ ಸರಿ, ‘ಜ಼ೇರ್ ಶ್ನೆಲರ್’ ತಪ್ಪು. ಅಲ್ಲಿ ‘ಫೀಲ್ ಶ್ನೆಲರ್’ ಆಗಬೇಕು. ಸ್ವಲ್ಪ ಹೆಚ್ಚಿಗೆ ‘ಎಟ್ವಸ್’, ಎದ್ದು ಕಾಣುವಷ್ಟು ಹೆಚ್ಚಿಗೆ ‘ಡೊಯ್ಟ್‌ಲಿಶ್’, ಇನ್ನೂ ಹೆಚ್ಚಿಗೆ ‘ನೋಖ್’. ದಿನೇ ದಿನೇ ಬದಲಾಗುವುದಕ್ಕೆ ‘ಇಮರ್’: ‘ಹೆಂಡಿಸ್ ವೇರ್ಡೆನ್ ಇಮರ್ ಗ್ರ್ಯೋಸರ್’, ಫೋನುಗಳು ದೊಡ್ಡದಾಗುತ್ತಲೇ ಇವೆ.

ಮೂರು ವಸ್ತು ಆದಾಗ ‘ಎಲ್ಲಕ್ಕಿಂತ’ ಬೇಕು. ಕನ್ನಡ ಅಲ್ಲೂ ‘ಗಿಂತ’ವನ್ನೇ ಎಳೆದು ತರುತ್ತದೆ, ಜರ್ಮನ್ ಬೇರೆಯೇ ರೂಪ ಕೊಡುತ್ತದೆ. ‘ಫೊನ್ ಡೇನ್ ಡ್ರೈ ಮೊಡೆಲೆನ್ ಇಸ್ಟ್ ಡಸ್ ಹೀರ್ ಅಮ್ ಲೈಜ಼ೆಸ್ಟೆನ್’, ಮೂರರಲ್ಲಿ ಇದೇ ಅತಿ ಕಡಿಮೆ ಸದ್ದಿನದು. ವಾಕ್ಯದ ಕೊನೆಗೆ ಒಂಟಿಯಾಗಿ ನಿಂತರೆ ‘ಅಮ್ … ಸ್ಟೆನ್’. ನಾಮಪದದ ಮುಂದೆ ಬಂದರೆ ‘ಅಮ್’ ಕಳಚುತ್ತದೆ: ‘ಡಸ್ ಲೈಜ಼ೆಸ್ಟೆ ಮೊಡೆಲ್’. ಎರಡನ್ನೂ ಕಲಸಿ ‘ಡಸ್ ಅಮ್ ಲೈಜ಼ೆಸ್ಟೆನ್ ಮೊಡೆಲ್’ ಎನ್ನುವುದು ಬಿ1ರಲ್ಲೂ ಕಾಣುವ ತಪ್ಪು. ‘ಗ್ರೋಸ್’ಗೆ ‘ಅಮ್ ಗ್ರ್ಯೋಸ್ಟೆನ್’, ನಡುವೆ ಹೆಚ್ಚಿನ ಸ್ವರವಿಲ್ಲದೆ.

ನಾಮಪದದ ಮುಂದೆ ಹೋಲಿಕೆ ರೂಪ ಬಂದಾಗ ಬಾಲದ ಮೇಲೆ ಬಾಲ. ಫೋನಿಗೆ ಏನೇನಿದೆ ಎಂದು ಹೇಳುವಾಗ ಹೆಚ್ಚಾಗಿ ‘ಹಟ್’ (ಇದೆ) ಬಳಸುತ್ತೇವೆ, ಅದು ದ್ವಿತೀಯಾ ಕೇಳುತ್ತದೆ. ಆದ್ದರಿಂದ ಎಲ್ಲ ಕೋಷ್ಟಕ ಕಲಿಯುವ ಮೊದಲು ಈ ಮೂರು ಸಾಕು: ‘ಹಟ್ ಐನೆನ್ ಗ್ರ್ಯೋಸೆರೆನ್ ಬಿಲ್ಟ್‌ಶಿರ್ಮ್’ (ದೊಡ್ಡ ಪರದೆ), ‘ಹಟ್ ಐನೆ ಬೆಸೆರೆ ಕಮೆರಾ’, ‘ಹಟ್ ಐನ್ ಬೆಸೆರೆಸ್ ಡಿಸ್‌ಪ್ಲೇ’. ಯಾವ ವಿಷಯದಲ್ಲಿ ಮೇಲು ಎಂದು ಹೇಳಲು ‘ಬೈ’: ‘ಬೈಮ್ ಪ್ರೈಸ್’ ಬೆಲೆಯಲ್ಲಿ, ‘ಬೈ ಡೇರ್ ಕಮೆರಾ’ ಕ್ಯಾಮೆರಾದಲ್ಲಿ. ಕನ್ನಡದ ‘ಅಲ್ಲಿ’ಗೆ ಸರಿಯಾಗಿ ಹೊಂದುವುದರಿಂದ ಇದು ತಾನಾಗಿ ನಾಲಗೆಗೆ ಹತ್ತುತ್ತದೆ.

ಎರಡನೆಯ ವಾರದಿಂದ ಫೋನು ಬಿಟ್ಟು ಮನೆಯ ಯಂತ್ರಗಳಿಗೆ ಹೋಗಬಹುದು. ಇದಕ್ಕೆ ಯುರೋಪಿಯನ್ ಒಕ್ಕೂಟದ ಎನರ್ಜಿ ಲೇಬಲ್‌ನಂಥ ಅಭ್ಯಾಸಪುಸ್ತಕ ಇನ್ನೊಂದಿಲ್ಲ. ಅದು ಬಹುತೇಕ ಚಿತ್ರ ಮತ್ತು ಅಂಕಿ, ವಾಕ್ಯ ನಾವು ಕಟ್ಟಬೇಕು. 2021ರ ಮಾರ್ಚ್ 1ರಿಂದ ವಾಷಿಂಗ್ ಮಷೀನು, ಪಾತ್ರೆ ತೊಳೆಯುವ ಯಂತ್ರ, ಫ್ರಿಜ್ಜು, ಟೀವಿಗಳಿಗೆ ಎ ಯಿಂದ ಜಿ ವರೆಗಿನ ಹೊಸ ವರ್ಗೀಕರಣ ಬಂತು. ಎ ಅಕ್ಷರಕ್ಕೆ ಮೂರು ಮೂರು ಪ್ಲಸ್ ಅಂಟಿಸುತ್ತಿದ್ದ ಹಳೆಯ ಪದ್ಧತಿ ಹೋಯಿತು. ಹಳೆಯ ಲೇಬಲ್ಲನ್ನೂ ಹೊಸದನ್ನೂ ಅಕ್ಷರ ನೋಡಿ ಹೋಲಿಸಿದರೆ ವ್ಯಾಕರಣ ಸರಿಯಿದ್ದೂ ಮಾತು ಸುಳ್ಳಾಗುತ್ತದೆ. ವಿದ್ಯುತ್ತಿನ ಲೆಕ್ಕವೂ ಯಂತ್ರಕ್ಕೊಂದು: ವಾಷಿಂಗ್ ಮಷೀನಿಗೆ 100 ಸಲ ಒಗೆಯಲು ಎಷ್ಟು ಕಿಲೋವ್ಯಾಟ್ ಗಂಟೆ ಎಂದು, ಫ್ರಿಜ್ಜಿಗೆ ವರ್ಷಕ್ಕೆ, ಟೀವಿಗೆ 1000 ಗಂಟೆಗೆ.

ಒಂದರ ಮೇಲೆ 49, ಇನ್ನೊಂದರ ಮೇಲೆ 72 ಇದೆ ಎನ್ನಿ. ‘ಡೀ ಏರ್ಸ್ಟೆ ವಶ್‌ಮಶೀನೆ ಫೆರ್‌ಬ್ರೌಖ್ಟ್ ವೇನಿಗರ್ ಶ್ಟ್ರೋಮ್ ಅಲ್ಸ್ ಡೀ ತ್ಸ್ವೈಟೆ’, ಮೊದಲನೆಯದು ಎರಡನೆಯದಕ್ಕಿಂತ ಕಡಿಮೆ ಕರೆಂಟು ತಿನ್ನುತ್ತದೆ. ಇದಕ್ಕೆ ‘ಜ಼ಿ ಇಸ್ಟ್ ಶ್ಪಾರ್‌ಜ಼ಾಮರ್’ ಎಂದೂ ಹೇಳಬಹುದು, ಮಿತವ್ಯಯದ್ದು ಎಂದು. ಹಿಂಡುವಾಗಿನ ಸದ್ದು ಡೆಸಿಬೆಲ್‌ನಲ್ಲಿರುತ್ತದೆ: 72 ಇರುವುದು 76 ಇರುವುದಕ್ಕಿಂತ ‘ಲೈಜ಼ರ್’. ಕಿಲೋ, ಲೀಟರ್, ಗಂಟೆ-ನಿಮಿಷ ಎಲ್ಲ ಅದೇ ಕಾಗದದ ಮೇಲಿವೆ. ಒಂದು ಜೋಡಿ ಲೇಬಲ್ಲಿನಿಂದ ಎಂಟು ವಾಕ್ಯ ಸಲೀಸಾಗಿ ಬರುತ್ತವೆ. 2025ರ ಜೂನ್ 20ರಿಂದ ಸ್ಮಾರ್ಟ್‌ಫೋನು, ಟ್ಯಾಬ್ಲೆಟ್ಟಿಗೂ ಇಂಥ ಲೇಬಲ್ ಬಂದಿದೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು, ಎಷ್ಟು ಸಲ ಚಾರ್ಜ್ ತಡೆಯುತ್ತದೆ, ಬಿದ್ದರೆ ಎಷ್ಟು ಗಟ್ಟಿ, ರಿಪೇರಿಗೆ ಎಷ್ಟು ಸುಲಭ ಎಂದೆಲ್ಲ ಅದರಲ್ಲಿದೆ. ‘ಬೈ ಡೇರ್ ರೆಪರೀರ್‌ಬಾರ್‌ಕೈಟ್ ಇಸ್ಟ್ ಡಸ್ ಅಲ್ಟೆ ಬೆಸರ್’ ಎಂದು ಹಳೆಯದರ ಪರ ಒಂದು ಮಾತಾಡಬಹುದು.

ಓದಿಗೆ ಶ್ಟಿಫ್ಟುಂಗ್ ವಾರೆನ್‌ಟೆಸ್ಟ್ ವರದಿಗಳು ಒಳ್ಳೆಯವು. 1964ರಲ್ಲಿ ಹುಟ್ಟಿದ, ಬರ್ಲಿನ್‌ನಲ್ಲಿರುವ ಈ ಸಂಸ್ಥೆ ಫೋನಿನಿಂದ ವ್ಯಾಕ್ಯೂಮ್ ಕ್ಲೀನರ್‌ವರೆಗೆ ಪರೀಕ್ಷಿಸಿ ಅಂಕ ಕೊಡುತ್ತದೆ. ಆದರೆ ಅಂಕ ಕಡಿಮೆಯಾದಷ್ಟೂ ವಸ್ತು ಉತ್ತಮ: 0,5ರಿಂದ 1,5 ‘ಜ಼ೇರ್ ಗೂಟ್’, 1,6ರಿಂದ 2,5 ‘ಗೂಟ್’, ಕೊನೆಗೆ 4,6ರಿಂದ 5,5 ‘ಮಂಗೆಲ್‌ಹಫ್ಟ್’. ಜರ್ಮನ್ ಶಾಲೆಯ ಅಂಕವೂ ಹೀಗೇ. ನೂರಕ್ಕೆ ಎಷ್ಟು ಎಂದು ಕೇಳಿ ಬೆಳೆದ ನಮಗೆ 2,4 ಕಂಡರೆ 1,8ಕ್ಕಿಂತ ಮೇಲೆನಿಸುತ್ತದೆ. ಇಲ್ಲಿ ‘ಹ್ಯೋಅರ್’ ಎನ್ನದೆ ‘ಬೆಸರ್’, ‘ಶ್ಲೆಶ್ಟರ್’ (ಕೆಟ್ಟದು) ಎಂದರೆ ಗೊಂದಲವಿಲ್ಲ.

ಕೊನೆಯ ಗಂಟು ‘ಯೇ … ಡೆಸ್ಟೋ’. ಬ್ಯಾಟರಿ ದೊಡ್ಡದಾದಷ್ಟೂ ಫೋನು ಭಾರ: ‘ಯೇ ಗ್ರ್ಯೋಸರ್ ಡೇರ್ ಅಕು ಇಸ್ಟ್, ಡೆಸ್ಟೋ ಶ್ವೇರರ್ ಇಸ್ಟ್ ಡಸ್ ಹೆಂಡಿ.’ ಮೊದಲ ತುಂಡಿನಲ್ಲಿ ಕ್ರಿಯಾಪದ ಕೊನೆಗೆ. ಎರಡನೆಯದರಲ್ಲಿ ‘ಡೆಸ್ಟೋ ಶ್ವೇರರ್’ ಆದ ಕೂಡಲೇ ಕ್ರಿಯಾಪದ. ‘ದೊಡ್ಡದಾದಷ್ಟೂ’ ಎನ್ನುವಾಗ ಕನ್ನಡದ ಕ್ರಿಯೆಯೂ ತುಂಡಿನ ಕೊನೆಗೇ ಬರುತ್ತದೆ, ಹಾಗಾಗಿ ಮೊದಲರ್ಧ ನಮಗೆ ಸುಲಭ. ತಪ್ಪುವುದು ಎರಡನೆಯ ಅರ್ಧದಲ್ಲಿ, ‘ಡೆಸ್ಟೋ ಶ್ವೇರರ್ ಡಸ್ ಹೆಂಡಿ ಇಸ್ಟ್’ ಎಂದು. ಹಾಗೆಯೇ ಭೂತಕಾಲದಲ್ಲಿ ‘ಅಲ್ಸ್’ ತುಂಡನ್ನು ಸಾಮಾನ್ಯವಾಗಿ ಕ್ರಿಯಾಪದದ ಆಚೆಗೆ ಇಡುತ್ತಾರೆ: ‘ಡೇರ್ ನೊಯೆ ಡ್ರುಕರ್ ಹಟ್ ಶ್ನೆಲರ್ ಗೆಡ್ರುಕ್ಟ್ ಅಲ್ಸ್ ಡೇರ್ ಅಲ್ಟೆ’. ಕನ್ನಡದಲ್ಲಿ ‘ಹಳೆಯದಕ್ಕಿಂತ’ ಎಂದು ಮೊದಲೇ ಹೇಳಿ ಮುಗಿಸಿದ್ದನ್ನು ಇಲ್ಲಿ ಎಲ್ಲಕ್ಕೂ ಕೊನೆಗೆ ಹೇಳುವುದು. ಉಸಿರು ಕಟ್ಟಿದಂತೆನಿಸಿದರೂ ಇದಕ್ಕೆ ಒಗ್ಗಿಕೊಳ್ಳಬೇಕು.

ದಿನದ ಲೆಕ್ಕ ಹೀಗಿರಲಿ: ಕಾರ್ಡಿಗೆ 10 ನಿಮಿಷ, ಎಂಟು ವಾಕ್ಯದ ಬರವಣಿಗೆ, ಆಮೇಲೆ ಅದೇ ಎರಡು ವಸ್ತುವಿನ ಬಗ್ಗೆ ಬರೆದದ್ದು ನೋಡದೆ 90 ಸೆಕೆಂಡು ಮಾತಾಡಿ ರೆಕಾರ್ಡ್ ಮಾಡುವುದು. ಮರಳಿ ಕೇಳುವಾಗ ಎಲ್ಲ ತಪ್ಪು ಹಿಡಿಯಲು ಹೋಗಬೇಡಿ. ಮೂರೇ ಪ್ರಶ್ನೆ: ಬಾಲದ ‘ಅರ್’ ಕೇಳಿಸಿತೇ, ‘ಅಲ್ಸ್’ ಜಾಗದಲ್ಲಿ ‘ವೀ’ ಬಂತೇ, ‘ಅಲ್ಸ್’ ಆದ ಮೇಲೆ ವಿಭಕ್ತಿ ಸರಿಯಿತ್ತೇ. ಲಿಂಗ ತಪ್ಪಿದ್ದನ್ನು ಮೂರನೆಯ ವಾರಕ್ಕೆ ಬಿಡಿ.

ಬೆಂಗಳೂರಿನ ಇಂದಿರಾನಗರದಲ್ಲಿರುವ, ಜರ್ಮನ್ ಕಲಿಸುವ ಗಯಟೆ ಸಂಸ್ಥೆಯಲ್ಲೋ ಬೇರೆ ಕೇಂದ್ರದಲ್ಲೋ ಗಯಟೆ ಬಿ1 ಪರೀಕ್ಷೆಗೆ ಕೂರುವವರಿಗೆ ಇದೆಲ್ಲ ಎರಡು ಕಡೆ ಒದಗುತ್ತದೆ. ಬರವಣಿಗೆಯ ಎರಡನೆಯ ಭಾಗದಲ್ಲಿ ಸುಮಾರು 80 ಪದಗಳಲ್ಲಿ ಅಭಿಪ್ರಾಯ ಬರೆಯಬೇಕು; ಮಾತಿನ ಎರಡನೆಯ ಭಾಗದಲ್ಲಿ ಐದು ಪುಟಗಳ (ಸ್ಲೈಡುಗಳ) ಪುಟ್ಟ ಭಾಷಣ. ವಿಷಯ ಫೋನೋ ಇಂಟರ್ನೆಟ್ಟೋ ಆಗಿದ್ದರೆ ಹೋಲಿಕೆ ತಾನಾಗಿ ಬೇಕಾಗುತ್ತದೆ. ಮೂರನೆಯ ಪುಟ ‘ನಿಮ್ಮ ದೇಶದಲ್ಲಿ ಹೇಗೆ’ ಎಂದು ಕೇಳುತ್ತದೆ. ಅಲ್ಲಿ ‘ಇನ್ ಇಂಡಿಯನ್ ಇಸ್ಟ್ ಎಸ್ ಅಂಡರ್ಸ್’ ಎಂದು ಹೇಳಿ ನಿಲ್ಲುವವರೇ ಹೆಚ್ಚು. ಬದಲಿಗೆ ಕರೆಂಟು ಹೋಗುವ ಮಾತಾಡಿ: ‘ಬೈ ಉನ್ಸ್ ಗಿಪ್ಟ್ ಎಸ್ ಮೇರ್ ಶ್ಟ್ರೋಮ್‌ಔಸ್‌ಫೆಲೆ ಅಲ್ಸ್ ಇನ್ ಡೊಯ್ಚ್‌ಲಂಟ್’, ನಮ್ಮಲ್ಲಿ ಜರ್ಮನಿಗಿಂತ ಹೆಚ್ಚು ಸಲ ಕರೆಂಟು ಹೋಗುತ್ತದೆ. ಅಲ್ಲಿಂದ ಯೂಪಿಎಸ್‌ಗೆ, ಅಕುವಿಗೆ ದಾರಿ ತೆರೆಯುತ್ತದೆ. ಹಿಂದಕ್ಕೂ ಇಂದಿಗೂ ‘ಫ್ರ್ಯೂಅರ್’, ‘ಹೊಯ್ಟೆ’: ‘ಫ್ರ್ಯೂಅರ್ ವಾರೆನ್ ಫೆರ್ನ್‌ಜ಼ೇಅರ್ ಡಿಕರ್ ಅಲ್ಸ್ ಹೊಯ್ಟೆ’, ಆಗಿನ ಟೀವಿಗಳು ಈಗಿನವಕ್ಕಿಂತ ದಪ್ಪ.

ಇಷ್ಟು ಕಲಿತು ಮ್ಯೂನಿಕ್‌ಗೋ ಶ್ಟುಟ್‌ಗಾರ್ಟ್‌ಗೋ ಹೋದವರಿಗೆ ಅಲ್ಲಿ ಕಿವಿಗೆ ಬೀಳುವುದು ‘ಬೆಸರ್ ವೀ’, ‘ಗ್ರ್ಯೋಸರ್ ವೀ’. ದಕ್ಷಿಣದ ಆಡುಮಾತಿನಲ್ಲಿ ‘ಅಲ್ಸ್’ ಜಾಗಕ್ಕೆ ‘ವೀ’ ಬರುವುದುಂಟು, ಕೆಲವರು ‘ಅಲ್ಸ್ ವೀ’ ಎಂದು ಎರಡನ್ನೂ ಸೇರಿಸಿಬಿಡುತ್ತಾರೆ. ಅರ್ಥಕ್ಕೇನೂ ಧಕ್ಕೆಯಿಲ್ಲ, ಬಾಲದ ‘ಅರ್’ ಕೇಳಿದರೆ ಹೋಲಿಕೆ ಎಂದು ಗೊತ್ತಾಗುತ್ತದೆ. ಪಕ್ಕದ ಮನೆಯ ಅಜ್ಜಿಯನ್ನು ತಿದ್ದಲು ಹೋಗಬೇಡಿ. ಪರೀಕ್ಷೆಯ ಕಾಗದದ ಮೇಲೆ ಮಾತ್ರ ಅದಕ್ಕೆ ಅಂಕ ಹೋಗುತ್ತದೆ.